ಬನಹಟ್ಟಿಯ ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕಾನೂನಿನ ಕದ್ದಾಲಿಕೆಗೆ ಏರ್ಪಾಡು ಮಾಡಿದ್ದು

ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಅಪ್ಪ ಕೇಬಲ್ ಟಿವಿ ನಡೆಸುತ್ತಿದ್ದರು. ನಾನು ಮತ್ತು ತಮ್ಮ ಅದೇ ಕಂಬಗಳ ಮೇಲೆ ಫೈಬರ್ ಎಳೆದು ಇಂಟರ್ನೆಟ್ ಕೊಡಲು ಶುರು ಮಾಡಿದೆವು. ಮೊದಲು ಕೆಲವು ವರ್ಷ ದೊಡ್ಡ ಕಂಪನಿಯೊಂದರ ಫ್ರಾಂಚೈಸಿ ಆಗಿದ್ದೆವು. ಗಿರಾಕಿಗಳು ನಮ್ಮವರು, ಬಿಲ್ಲು ಅವರದು. ಆಮೇಲೆ ಸ್ವಂತ ಲೈಸೆನ್ಸ್ ತೆಗೆದುಕೊಂಡೆವು. ದೂರಸಂಪರ್ಕ ಇಲಾಖೆಯ ಯೂನಿಫೈಡ್ ಲೈಸೆನ್ಸ್‌ನಲ್ಲಿ ಐಎಸ್‌ಪಿಗಳಿಗೆ, ಅಂದರೆ ಇಂಟರ್ನೆಟ್ ಕೊಡುವ ಕಂಪನಿಗಳಿಗೆ, ಎ, ಬಿ, ಸಿ ಅಂತ ಮೂರು ಕೆಟಗರಿ ಇವೆ. ಎ ಅಂದರೆ ಇಡೀ ದೇಶ. ಬಿ ಅಂದರೆ ಒಂದು ಸರ್ಕಲ್, ಹೆಚ್ಚುಕಡಿಮೆ ಒಂದು ರಾಜ್ಯ. ಸಿ ಅಂದರೆ ಒಂದು ಎಸ್‌ಎಸ್‌ಎ, ಹೆಚ್ಚುಕಡಿಮೆ ಒಂದೆರಡು ಜಿಲ್ಲೆಯಷ್ಟು. ನಮ್ಮದು ಸಿ. ನಾವು ತೆಗೆದುಕೊಂಡಾಗ ಪ್ರವೇಶ ಶುಲ್ಕ 20,000 ರೂಪಾಯಿ ಇತ್ತು.

ಶುಲ್ಕ ಕಡಿಮೆ ಅಂತ ಜವಾಬ್ದಾರಿ ಕಡಿಮೆ ಇರುವುದಿಲ್ಲ. ಲೈಸೆನ್ಸ್‌ನ ಭದ್ರತಾ ಷರತ್ತುಗಳು ದೊಡ್ಡ ಕಂಪನಿಗೂ ಬನಹಟ್ಟಿಯ ನಮಗೂ ಬಹುಪಾಲು ಒಂದೇ. ಸರ್ಕಾರ ಕಾನೂನು ಪ್ರಕಾರ ಆದೇಶ ಕೊಟ್ಟರೆ, ಹೇಳಿದ ಗಿರಾಕಿಯ ಇಂಟರ್ನೆಟ್ ಟ್ರಾಫಿಕ್‌ನ ನಕಲನ್ನು ತನಿಖಾ ಸಂಸ್ಥೆಗೆ ತಲುಪಿಸುವ ವ್ಯವಸ್ಥೆ ನಮ್ಮಲ್ಲಿರಬೇಕು. ಅದರ ಖರ್ಚು ನಮ್ಮದೇ. ಈ ವ್ಯವಸ್ಥೆಗೆ ನಮ್ಮ ಧಂದೆಯಲ್ಲಿ ಎಲ್‌ಐಎಂ ಅಂತಾರೆ. ಜಮಖಂಡಿ, ಮುಧೋಳ, ಮಹಾಲಿಂಗಪುರದ ಕಡೆಯಿಂದ ಈಗಲೂ ನನಗೆ ಫೋನ್ ಬರುತ್ತವೆ. "ಎಲ್‌ಐಎಂ ಹೆಂಗ ಮಾಡಿದ್ರಿ ಅಣ್ಣಾರ, ಎಷ್ಟ್ ಬಿತ್ತರಿ?" ಒಬ್ಬೊಬ್ಬರಿಗೂ ಹೇಳುವ ಬದಲು ನಾವು ಹಾದುಬಂದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾರಾಟಗಾರರೊಬ್ಬರಿಂದ ಕೊಟೇಶನ್ ತರಿಸಿದೆವು. ಮೊತ್ತ ನಮ್ಮ ಒಂದು ವರ್ಷದ ಲಾಭಕ್ಕಿಂತ ಜಾಸ್ತಿ ಇತ್ತು. ಜೊತೆಗೆ ವರ್ಷ ವರ್ಷ ಎಎಂಸಿ, ಅಂದರೆ ನಿರ್ವಹಣೆಯ ದುಡ್ಡು, ಬೇರೆ. ತಮ್ಮ ಅದನ್ನು ಸಾಲು ಸಾಲಾಗಿ ಓದಿ ಒಂದು ಮಾತು ಹೇಳಿದ: "ಅಣ್ಣಾ, ಇದು ಎಲ್ಲಾರ್ದೂ ನೋಡೋ ಮಷೀನು. ನಮಗ ಕೇಳಿದ್ದು ಒಬ್ಬಾಂವಂದ್ ಕೊಡೋ ಮಷೀನು." ಅವನ ಮಾತು ಸರಿಯಾಗಿತ್ತು. ಆ ಪೆಟ್ಟಿಗೆ ನಮ್ಮ ಪೂರ್ತಿ ಟ್ರಾಫಿಕ್ಕನ್ನು ಬಿಡಿಸಿ, ಯಾರು ಯಾವ ಆ್ಯಪ್ ಬಳಸಿದರು ಅಂತ ವಿಂಗಡಿಸಿ, ದಿನಗಟ್ಟಲೆ ಇಟ್ಟುಕೊಳ್ಳುವಂಥದ್ದು. ಅದಕ್ಕೆ ದೊಡ್ಡ ಸರ್ವರ್ ಬೇಕು, ದೊಡ್ಡ ಸಾಫ್ಟ್‌ವೇರ್ ಲೈಸೆನ್ಸ್ ಬೇಕು. ಆದೇಶದಲ್ಲಿ ಹೆಸರಿದ್ದವನ ಪ್ಯಾಕೆಟ್‌ಗಳನ್ನು (ಟ್ರಾಫಿಕ್ ಹರಿಯುವುದು ಈ ಸಣ್ಣ ತುಂಡುಗಳಾಗಿ) ಮಾತ್ರ ನಕಲು ಮಾಡಿ ಕಳಿಸಲು ಅಷ್ಟೆಲ್ಲ ಬೇಕಾಗುವುದಿಲ್ಲ. ಕಡಿಮೆ ನೋಡುವ ವ್ಯವಸ್ಥೆಯೇ ಅಗ್ಗ. ನನ್ನ ಮಟ್ಟಿಗೆ ಅದೇ ನ್ಯಾಯದ್ದು ಕೂಡ. ನಮ್ಮೂರಿನ ನೇಕಾರರ ಮನೆ, ಶಾಲೆ ಮೇಷ್ಟ್ರ ಮನೆ, ದವಾಖಾನೆ, ಸೀರೆ ಅಂಗಡಿ ಎಲ್ಲರ ಮಾತುಕತೆ ನಮ್ಮ ತಂತಿಯಲ್ಲಿ ಹರಿಯುತ್ತದೆ. ಒಬ್ಬನ ಮೇಲಿನ ಅನುಮಾನಕ್ಕೆ ಊರನ್ನೇ ಜರಡಿ ಹಿಡಿಯುವ ಯಂತ್ರ ನಮ್ಮ ಕೋಣೆಯಲ್ಲಿ ಇರುವುದು ಬೇಡ ಅನ್ನೋದು ನಮ್ಮಿಬ್ಬರ ಮೊದಲ ತೀರ್ಮಾನ. ಮುಂದಿನದೆಲ್ಲ ಅದರ ಮೇಲೆ ನಿಂತಿತು.

ಆಮೇಲೆ ಕೂತು ಷರತ್ತುಗಳನ್ನು ಬಿಡಿಬಿಡಿಯಾಗಿ ಓದಿದೆವು. ಎಲ್ಲರೂ ಎಲ್‌ಐಎಂ ಅಂತ ಒಂದೇ ಗಂಟು ಮಾಡಿ ಹೆದರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಬೇರೆ ಬೇರೆ ಕೆಲಸಗಳಿವೆ. ಒಂದು, ಗಿರಾಕಿ ಯಾರು ಅನ್ನುವ ದಾಖಲೆ, ಅಂದರೆ ಗಿರಾಕಿ ತುಂಬಿಕೊಡುವ ಸಿಎಎಫ್ ಫಾರ್ಮ್, ಗುರುತಿನ ಚೀಟಿ, ವಿಳಾಸ. ಇನ್ನೊಂದು, ಯಾವ ಗಿರಾಕಿಗೆ ಯಾವ ಹೊತ್ತಿನಲ್ಲಿ ಯಾವ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕನೆಕ್ಷನ್ನಿನ ನಂಬರು) ಇತ್ತು, ಅಲ್ಲಿಂದ ಟ್ರಾಫಿಕ್ ಎಲ್ಲಿಗೆ ಹೋಯಿತು ಅಂತ ಯಂತ್ರ ತಾನೇ ಬರೆದಿಡುವ ಲಾಗ್. ಮತ್ತೊಂದು, ಆದೇಶ ಬಂದಾಗ ಆ ಕ್ಷಣದ ಟ್ರಾಫಿಕ್ ನಕಲು. ನಿಜವಾದ ಕದ್ದಾಲಿಕೆ ಅಂದರೆ ಈ ಕೊನೆಯದು ಮಾತ್ರ. ಆದರೆ ದಿನನಿತ್ಯ ಕೆಲಸಕ್ಕೆ ಬರುವುದು, ಪೊಲೀಸರು ಕೇಳಿಕೊಂಡು ಬರುವುದು ಮೊದಲಿನ ಎರಡು. ದುಡ್ಡು ಜಾಸ್ತಿ ತಿನ್ನುವುದು ಲಾಗ್. ಬೆವರು ಜಾಸ್ತಿ ಇಳಿಸುವುದು ಗಿರಾಕಿಯ ದಾಖಲೆ.

ಬನಹಟ್ಟಿಯಲ್ಲಿ ಒಂದೇ ಓಣಿಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಇಬ್ಬರು ಮೂವರು ಸಿಗುತ್ತಾರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಮನೆ ಬಾಡಿಗೆಗೆ ಕೊಟ್ಟವರು ಕನೆಕ್ಷನ್ ತಮ್ಮ ಹೆಸರಲ್ಲೇ ಇಟ್ಟುಕೊಂಡಿರುತ್ತಾರೆ. ಮಗ್ಗದ ಶೆಡ್ಡಿಗೆ ತಗೊಂಡ ಕನೆಕ್ಷನ್ನು ಆರು ತಿಂಗಳಿಗೆ ಅಕ್ಕನ ಮನೆಗೆ ಹೋಗಿರುತ್ತದೆ. ನಮ್ಮ ಲೈನ್‌ಮನ್ ಹುಡುಗರು ಮನೆ ಮನೆಗೆ ಹೋದರು. ಒಎನ್‌ಯು ಡಬ್ಬಿಯ (ಮನೆಯಲ್ಲಿ ಫೈಬರ್ ಬಂದು ಸೇರುವ ಡಬ್ಬಿ) ಹಿಂದಿನ ಸೀರಿಯಲ್ ನಂಬರಿನ ಫೋಟೊ, ಬಾಗಿಲ ಮೇಲಿನ ಮನೆ ನಂಬರಿನ ಫೋಟೊ, ಈಗ ಅಲ್ಲಿ ಇರುವವರ ಸಹಿ. ಆ ಸೀರಿಯಲ್ ನಂಬರನ್ನೂ ಪಿಪಿಪಿಒಇ (ಗಿರಾಕಿ ನಮ್ಮ ನೆಟ್‌ವರ್ಕಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮನ್ನೂ ಸಾಫ್ಟ್‌ವೇರಿನಲ್ಲಿ ಜೋಡಿ ಕಟ್ಟಿಬಿಟ್ಟೆವು. ಈ ಯೂಸರ್‌ನೇಮನ್ನು ಬೇರೆ ಡಬ್ಬಿಯಲ್ಲಿ ಹಾಕಿದರೆ ಲಾಗಿನ್ನೇ ಆಗುವುದಿಲ್ಲ, ಆಫೀಸಿಗೆ ಫೋನ್ ಮಾಡಲೇಬೇಕು. ಒಂದು ಮುದುಕಿ ನಮ್ಮ ಹುಡುಗನಿಗೆ, "ಯಾಕಪಾ, ನಮ್ಮ ಮ್ಯಾಲೆ ಏನರ ಕೇಸ್ ಐತೇನು?" ಅಂತ ಕೇಳಿದಳಂತೆ. ಕೇಸ್ ಇಲ್ಲ ಆಯಿ, ನಾಳೆ ಬೇರೆಯವರ ಕೇಸು ನಿಮ್ಮ ಮೇಲೆ ಬರಬಾರದು ಅಂತ ಮಾಡ್ತಿದ್ದೀವಿ ಅಂತ ಅವನು ಹೇಳಿ ಬಂದ. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಈ ಕೆಲಸಕ್ಕೆ ಹುಡುಗರ ಪಗಾರ, ಪೆಟ್ರೋಲ್ ಬಿಟ್ಟರೆ ಬೇರೆ ಖರ್ಚಿಲ್ಲ. ಇದು ಸರಿ ಇಲ್ಲದಿದ್ದರೆ ಮಾತ್ರ ಎಷ್ಟು ದುಬಾರಿ ಪೆಟ್ಟಿಗೆ ತಂದಿಟ್ಟರೂ ಉಪಯೋಗವಿಲ್ಲ.

ಇನ್ನು ಲಾಗ್. ನಮ್ಮಂಥವರಿಗೆ ಐಪಿವಿ4, ಅಂದರೆ ಹಳೆಯ ಪದ್ಧತಿಯ ಐಪಿ ವಿಳಾಸಗಳು ಸಿಗುವುದು ಬೆರಳೆಣಿಕೆಯಷ್ಟು. ದೇಶದಲ್ಲಿ ಐಪಿ ವಿಳಾಸ ಹಂಚುವ ಐರಿನ್‌ನಿಂದ ಒಂದು ಸ್ಲ್ಯಾಶ್ 24 ಬ್ಲಾಕ್ ಸಿಕ್ಕರೆ ಅದರಲ್ಲಿ 256 ವಿಳಾಸ. ಗಿರಾಕಿಗಳು ಸಾವಿರ. ಹಾಗಾಗಿ ಒಳಗೆ ಎಲ್ಲರಿಗೂ 100.64ರಿಂದ ಶುರುವಾಗುವ ಒಳಬಳಕೆಯ ವಿಳಾಸ ಕೊಟ್ಟು, ಹೊರಗೆ ಹೋಗುವಾಗ ಹಲವರನ್ನು ಒಂದೇ ಐಪಿ ಮೇಲೆ ಕಳಿಸುತ್ತೇವೆ. ಇದೇ ಸಿಜಿನ್ಯಾಟ್, ಚಿಕ್ಕದಾಗಿ ನ್ಯಾಟ್. ಹೊರಗಿನ ಜಗತ್ತಿಗೆ ಕಾಣುವುದು ಒಂದೇ ಐಪಿ. ಅದರ ಹಿಂದೆ ಯಾರಿದ್ದರು ಅಂತ ಹೇಳಬಲ್ಲವರು ನಾವು ಮಾತ್ರ. ಅದಕ್ಕೇ ನ್ಯಾಟ್ ಲಾಗ್ ಕಡ್ಡಾಯ.

ಲೆಕ್ಕ ಹಾಕಿ ನೋಡಿ. ಸಾವಿರ ಮನೆ. ಒಂದು ಮನೆಯಿಂದ ದಿನಕ್ಕೆ 50,000 ಸೆಷನ್, ಅಂದರೆ ಹೊರಗಿನ ಸರ್ವರ್‌ಗಳಿಗೆ ಅಷ್ಟು ಸಲ ಸಂಪರ್ಕ, ಅಂತ ಇಟ್ಟುಕೊಳ್ಳಿ. ಮೊಬೈಲು ಸುಮ್ನೆ ಜೇಬಿನಲ್ಲಿ ಕೂತರೂ ಸೆಷನ್ ತೆರೆಯುತ್ತಲೇ ಇರುತ್ತದೆ. ದಿನಕ್ಕೆ 5 ಕೋಟಿ ಸಾಲು. ಒಂದು ಸಾಲಿಗೆ 150 ಬೈಟ್ ಹಿಡಿದರೆ ದಿನಕ್ಕೆ 7.5 ಜಿಬಿ. ನಾವು ಕೆಲಸ ಶುರು ಮಾಡಿದಾಗ ಒಂದು ವರ್ಷ ಇಟ್ಟರೆ ಸಾಕಿತ್ತು. 2021ರ ಡಿಸೆಂಬರ್‌ನಲ್ಲಿ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ ಕನಿಷ್ಠ ಎರಡು ವರ್ಷ ಅಂದಿತು. ಅಲ್ಲಿಗೆ ಸುಮಾರು 5.5 ಟಿಬಿ. ಕೇಳಲು ಗಾಬರಿ ಅನ್ನಿಸುತ್ತದೆ. ಆದರೆ ಲಾಗ್ ಅಂದರೆ ಒಂದೇ ಥರದ ಅಕ್ಷರ, ಅಂಕಿ ಮತ್ತೆ ಮತ್ತೆ ಬರುವುದು. ಕಂಪ್ರೆಸ್ ಮಾಡಿದರೆ ಎಂಟನೇ ಒಂದು ಅಥವಾ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಒಂದು ಟಿಬಿಯೊಳಗೆ ಎರಡು ವರ್ಷ. ಒಂದು ಮಾಮೂಲಿ ಸರ್ವರ್, ಅದರಲ್ಲಿ ಒಂದನ್ನೊಂದು ನಕಲು ಮಾಡುವ ಎರಡು ಹಾರ್ಡ್‌ಡಿಸ್ಕ್, ಲಿನಕ್ಸ್, ಆರ್‌ಸಿಸ್‌ಲಾಗ್, ಎನ್‌ಎಫ್‌ಡಂಪ್. ಸಾಫ್ಟ್‌ವೇರ್ ಎಲ್ಲ ಪುಕ್ಕಟೆ. ನಮಗೆ ಬಂದಿದ್ದ ಕೊಟೇಶನ್‌ನಲ್ಲಿ ಬರೀ ಈ ಲಾಗ್ ಸರ್ವರಿಗೇ ದೊಡ್ಡ ಮೊತ್ತ ಹಾಕಿದ್ದರು. ಆ ಸಾಲನ್ನು ಪೂರ್ತಿ ಹೊಡೆದು ಹಾಕಿಸಿದೆವು.

ಲಾಗ್ ಕಡಿಮೆ ಮಾಡುವ ಇನ್ನೊಂದು ಉಪಾಯ ಇದೆ. ಪ್ರತಿ ಗಿರಾಕಿಗೆ ಇಂತಿಷ್ಟು ಪೋರ್ಟ್ (ಒಂದೇ ಐಪಿಯೊಳಗಿನ ಬಾಗಿಲ ನಂಬರು ಇದ್ದ ಹಾಗೆ) ಅಂತ ಮೊದಲೇ ಹಂಚಿಬಿಡುವುದು. ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳಿಗೆ ಆರ್‌ಎಫ್‌ಸಿ ಅಂತಾರೆ; ಆರ್‌ಎಫ್‌ಸಿ 7422 ಅದನ್ನೇ ವಿವರಿಸುತ್ತದೆ. ಒಂದು ಐಪಿಗೆ 65,536 ಪೋರ್ಟ್. ಮೊದಲ 1,024 ಬಿಟ್ಟು ಉಳಿದದ್ದನ್ನು 64 ಮನೆಗೆ ತಲಾ 1,000ದಂತೆ ಹಂಚಿದರೆ, ಐಪಿ ಮತ್ತು ಪೋರ್ಟ್ ಹೇಳಿದ ಕೂಡಲೇ ಒಳಗಿನ ವಿಳಾಸ ಯಾವುದು ಅಂತ ನ್ಯಾಟ್ ಲಾಗ್ ನೋಡದೇ ಹೇಳಬಹುದು; ಆ ವಿಳಾಸ ಆಗ ಯಾವ ಮನೆಗಿತ್ತು ಅನ್ನೋದು ಲಾಗಿನ್ ದಾಖಲೆಯಲ್ಲಿರುತ್ತದೆ. ನಾವು ಹಂಚಿದ್ದು ಹೀಗೇ. ಆದರೂ ಪ್ರತಿ ಸೆಷನ್ ಎಲ್ಲಿಗೆ ಹೋಯಿತು ಅನ್ನುವ ಲಾಗನ್ನು ಬಿಡಲಿಲ್ಲ. ಯಾಕೆ ಅಂತ ಒಂದು ಪ್ರಸಂಗ ಹೇಳುತ್ತೇನೆ.

ಆನ್‌ಲೈನ್ ಮೋಸದ ತನಿಖೆಗೆ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಬಂದರು. ಕೈಯಲ್ಲಿ ಪತ್ರ ಇತ್ತು. ಅದರಲ್ಲಿ ನಮ್ಮ ಒಂದು ಐಪಿ, ಮೋಸ ನಡೆದ ಸೈಟಿನ ಐಪಿ, ದಿನಾಂಕ, 14:10:32 ಅಂತ ಸಮಯ. ಅಷ್ಟೇ.

"ಈ ಐಪಿ ನಿಮ್ದ ಅಲ್ರಿ?"

"ನಮ್ದ ಐತ್ರಿ ಸಾಹೇಬ್ರ."

"ಹಂಗಾದ್ರ ಹೆಸರು, ವಿಳಾಸ ಬರ್ದ್ ಕೊಡ್ರಿ. ಸಂಜಿಕ ರಿಪೋರ್ಟ್ ಹಾಕ್ಬೇಕು."

"ಪೋರ್ಟ್ ನಂಬರ್ ಐತೇನ್ರಿ?"

"ಅದೇನ್ರಿ ಮತ್ತ?"

"ಈ ಒಂದ್ ಐಪಿ ಹಿಂದ ಅರವತ್ನಾಕ್ ಮನಿ ಅದಾವ್ರಿ. ಪೋರ್ಟ್ ಇಲ್ದ ನಾ ಯಾರ ಹೆಸರು ಬರಿಲ್ರಿ? ಸುಮ್ನ ಯಾವ್ದರ ಒಂದ್ ಹೆಸರು ಬರ್ದ್ರ, ಏನೂ ಮಾಡ್ದಾಂವ ಠಾಣೆಕ ಬರ್ತಾನ, ಮಾಡ್ದಾಂವ ಮನ್ಯಾಗ ಇರ್ತಾನ."

ಸಾಹೇಬರು ಒಳ್ಳೆಯವರು. ಕುರ್ಚಿ ಎಳೆದುಕೊಂಡು ಕೂತರು. ಪೋರ್ಟ್ ಅಂದರೆ ಏನು ಅಂತ ಹಾಳೆ ಮೇಲೆ ಚಿತ್ರ ಬರೆದು ತೋರಿಸಿದೆ. ಸರ್ವರ್ ನಡೆಸುವವರು ಐಪಿ ಜೊತೆ ಸೋರ್ಸ್ ಪೋರ್ಟನ್ನೂ ಬರೆದಿಡಿ ಅಂತ 2011ರಲ್ಲೇ ಆರ್‌ಎಫ್‌ಸಿ 6302 ಹೇಳಿದೆ. ಆದರೂ ಎಷ್ಟೋ ವೆಬ್‌ಸೈಟಿನವರು ಬರೆದಿಡುವುದಿಲ್ಲ. ಸಾಹೇಬರು ಪೋರ್ಟ್ ಕೇಳಿ ಪತ್ರ ಬರೆದರು, ಅಲ್ಲಿಂದ ಇಲ್ಲ ಅಂತ ಉತ್ತರ ಬಂತು. ಆಗ ಕೈಹಿಡಿದದ್ದು ಆ ಸೆಷನ್ ಲಾಗ್. ಮೋಸ ನಡೆದ ಸೈಟಿನ ಐಪಿ ಪತ್ರದಲ್ಲಿತ್ತು. ಆ ಹೊತ್ತಿನಲ್ಲಿ ನಮ್ಮ ಅರವತ್ತನಾಲ್ಕು ಮನೆಗಳಲ್ಲಿ ಆ ಸೈಟಿಗೆ ಹೋದವರು ಯಾರು ಅಂತ ಹುಡುಕಿದೆವು. 14:10ಕ್ಕೆ ಯಾರೂ ಇಲ್ಲ. ತಮ್ಮ ಸ್ವಲ್ಪ ಹೊತ್ತು ಪತ್ರ ನೋಡಿದ. ಸೈಟು ಹೊರದೇಶದ್ದು. ಅವರ ಗಡಿಯಾರ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯದಲ್ಲಿ ಇರಬೇಕು ಅಂದ. ನಮ್ಮ ಸಮಯ ಬೇಕಾದರೆ ಅದಕ್ಕೆ ಐದೂವರೆ ತಾಸು ಕೂಡಿಸಬೇಕು. 19:40:32ಕ್ಕೆ ನೋಡಿದರೆ ಒಂದೇ ಒಂದು ಮನೆ.

ಅದು ಮನೆಯೂ ಅಲ್ಲ. ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರ್. ದಿನಕ್ಕೆ ಹತ್ತಾರು ಜನ ಬಂದು ಕೂರುವ ಜಾಗ. ನಾವು ಉತ್ತರದಲ್ಲಿ "ಆ ಹೊತ್ತಿನಲ್ಲಿ ಈ ಸಂಪರ್ಕ ಇವರ ಹೆಸರಿನಲ್ಲಿತ್ತು" ಅಂತ ಮಾತ್ರ ಬರೆದೆವು. "ಇವರು ಮಾಡಿದ್ದಾರೆ" ಅಂತ ಬರೆಯುವ ಹಕ್ಕು ನಮಗಿಲ್ಲ. ಈ ಎರಡು ವಾಕ್ಯಗಳ ನಡುವೆ ಒಬ್ಬ ಮನುಷ್ಯನ ಮಾನ ಇದೆ. ಉತ್ತರದ ಫಾರ್ಮ್ಯಾಟನ್ನು ಹಾಗೇ ಅಚ್ಚು ಹಾಕಿಸಿಟ್ಟಿದ್ದೇವೆ. ಸಮಯದ ಮುಂದೆ ಐಎಸ್‌ಟಿ, ಅಂದರೆ ಭಾರತೀಯ ಸಮಯ, ಅಂತ ದಪ್ಪ ಅಕ್ಷರದಲ್ಲಿ.

ಗಡಿಯಾರದ ವಿಷಯ ಬಂದಿತು, ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಎಲ್ಲ ಯಂತ್ರಗಳ ಗಡಿಯಾರವನ್ನು ಸರ್ಕಾರದ ಕಂಪ್ಯೂಟರ್ ಕೇಂದ್ರವಾದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯದ ಸರ್ವರ್‌ಗೆ ಹೊಂದಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ರೌಟರ್, ರೇಡಿಯಸ್ (ಗಿರಾಕಿಗಳ ಲಾಗಿನ್ ನೋಡಿಕೊಳ್ಳುವ ಸರ್ವರ್), ಲಾಗ್ ಸರ್ವರ್ ಮೂರರಲ್ಲೂ ಒಂದೇ ಸಮಯ ಇದೆಯಾ ಅಂತ ಬೆಳಿಗ್ಗೆ ಬಂದ ಕೂಡಲೇ ನೋಡುವುದನ್ನು ಹುಡುಗರಿಗೆ ರೂಢಿ ಮಾಡಿಸಿದ್ದೇವೆ. ಕರೆಂಟ್ ಹೋಗಿ ಬಂದ ಮೇಲೆ ಇದು ಮುಖ್ಯ. ನಮ್ಮಲ್ಲಿ ಕರೆಂಟ್ ಹೋಗುವುದು ಏನು ಹೊಸದಲ್ಲ.

ಈಗ ನಿಜವಾದ ಕದ್ದಾಲಿಕೆಯ ಕೆಲಸಕ್ಕೆ ಬರುತ್ತೇನೆ.

ಅಮೆರಿಕದಲ್ಲೂ ಸಣ್ಣ ಕಂಪನಿಗಳಿಗೆ ಇದೇ ತಲೆನೋವು ಬಂದಿತ್ತು. ಕಂಪನಿಗಳು ಕದ್ದಾಲಿಕೆಗೆ ಏರ್ಪಾಡು ಇಟ್ಟುಕೊಳ್ಳಬೇಕು ಅನ್ನುವ ಅಲ್ಲಿನ ಕಲಿಯಾ ಕಾಯ್ದೆ 1994ರದ್ದು. ಟೆಲಿಫೋನಿಗೆ ಅಂತ ಇದ್ದದ್ದನ್ನು 2005ರಲ್ಲಿ ಬ್ರಾಡ್‌ಬ್ಯಾಂಡಿಗೂ ಚಾಚಿದರು. 2007ರ ಮೇ 14 ಗಡುವು. ಆಗ ಹಳ್ಳಿ ಕಡೆ ವೈರ್‌ಲೆಸ್ ಇಂಟರ್ನೆಟ್ ಕೊಡುವವರೆಲ್ಲ ಪರದಾಡಿದರು. ಸ್ವಂತ ಪೆಟ್ಟಿಗೆ ಕೊಳ್ಳಲಾಗದವರು ಈ ಕೆಲಸವನ್ನು ನಂಬಿಕಸ್ಥ ಮೂರನೇ ಕಂಪನಿಗೆ ಒಪ್ಪಿಸಬಹುದು ಅಂತ ಅಲ್ಲಿ ಅವಕಾಶ ಇತ್ತು. ನಾವೆಲ್ಲ ಬಳಸುವ ಮೈಕ್ರೋಟಿಕ್ ರೌಟರಿನಲ್ಲಿ ಈಗಲೂ ಕಲಿಯಾ ಅನ್ನುವ ಹೆಚ್ಚುವರಿ ಪ್ಯಾಕೇಜ್ ಸಿಗುತ್ತದೆ. ಫೈರ್‌ವಾಲಿನಲ್ಲಿ ಒಂದು ರೂಲ್ ಬರೆದರೆ ಒಬ್ಬ ಗಿರಾಕಿಯ ಪ್ಯಾಕೆಟ್‌ಗಳ ನಕಲು ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ನಾವು ಮೊದಲು ಅದನ್ನು ಹಾಕಿ, ನಮ್ಮ ಆಫೀಸಿನ ಕನೆಕ್ಷನ್ ಮೇಲೆಯೇ ಪ್ರಯೋಗ ಮಾಡಿ ಕಲಿತೆವು. ಅದೊಂದೇ ಇದ್ದರೆ ಇಲ್ಲಿ ನಡೆಯುವುದಿಲ್ಲ. ನಕಲು ಯಾವ ರೂಪದಲ್ಲಿ, ಯಾವ ದಾರಿಯಲ್ಲಿ ಬರಬೇಕು ಅಂತ ನಮ್ಮ ತನಿಖಾ ಸಂಸ್ಥೆಗಳು ಹೇಳುತ್ತವೆ. ಇನ್ನೊಂದು ತೊಡಕು, ರೌಟರಿನಲ್ಲಿ ರೂಲ್ ಬರೆದರೆ ಅಲ್ಲಿ ಲಾಗಿನ್ ಇರುವ ಪ್ರತಿ ಹುಡುಗನಿಗೂ ಅದು ಕಾಣುತ್ತದೆ. ಆದೇಶ ಗುಟ್ಟಾಗಿರಬೇಕು. ಗುರಿ ಯಾರು ಅಂತ ಊರಿಗೆ ಗೊತ್ತಾದರೆ ತನಿಖೆಯೂ ಕೆಡುತ್ತದೆ, ಆ ಮನುಷ್ಯನ ಮರ್ಯಾದೆಯೂ ಹೋಗುತ್ತದೆ.

ಇಲ್ಲಿ ಕೇಬಲ್ ಟಿವಿ ಅನುಭವ ಉಪಯೋಗಕ್ಕೆ ಬಂತು. ನಮ್ಮ ಕೈಯಲ್ಲಿ ಸ್ಪ್ಲಿಟರ್ ಆಡಿದಷ್ಟು ಬೇರೆ ಯಾರ ಕೈಯಲ್ಲೂ ಆಡಿರಲಿಕ್ಕಿಲ್ಲ. 70-30ರ ಆಪ್ಟಿಕಲ್ ಸ್ಪ್ಲಿಟರ್ ತೆಗೆದುಕೊಂಡರೆ, 70 ಭಾಗ ಬೆಳಕು ಎಂದಿನಂತೆ ಮುಂದಕ್ಕೆ ಹೋಗುತ್ತದೆ. 30 ಭಾಗ ಪಕ್ಕದ ಎಲ್‌ಐಎಂ ಪೆಟ್ಟಿಗೆಗೆ. ಕರೆಂಟು ಬೇಡ, ಲಾಗಿನ್ ಇಲ್ಲ, ರೌಟರಿಗೆ ಅದು ಇದೆ ಅಂತಲೂ ಗೊತ್ತಾಗುವುದಿಲ್ಲ. ಹೋಗುವ ಎಳೆಗೊಂದು, ಬರುವ ಎಳೆಗೊಂದು, ಎರಡು ಸ್ಪ್ಲಿಟರ್. 30ರ ಕಾಲಿನಲ್ಲಿ 5ರಿಂದ 6 ಡಿಬಿ ಬೆಳಕು ಕಡಿಮೆಯಾಗುತ್ತದೆ. ನಮ್ಮ ಎರಡು ರೌಟರ್‌ಗಳು ಒಂದೇ ರ‍್ಯಾಕಿನಲ್ಲಿರುವುದರಿಂದ ಅಷ್ಟು ನಷ್ಟ ಲೆಕ್ಕಕ್ಕೇ ಬರಲಿಲ್ಲ. ಪವರ್ ಮೀಟರ್ ಹಿಡಿದು ಅಳತೆ ಬರೆದು, ಟ್ರೇಗೆ ಚೀಟಿ ಅಂಟಿಸಿ ಮುಚ್ಚಿದೆವು. ಕೊಟೇಶನ್‌ನಲ್ಲಿದ್ದ ಟ್ಯಾಪ್ ಯಂತ್ರಕ್ಕೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ.

ಎಲ್ಲಿ ಹಾಕಬೇಕು ಅನ್ನೋದು ಹಾಕುವುದಕ್ಕಿಂತ ಮುಖ್ಯ. ನ್ಯಾಟ್ ಆದ ಮೇಲೆ ಹಾಕಿದರೆ ಅರವತ್ತನಾಲ್ಕು ಮನೆ ಕಲಸಿ ಹೋಗಿರುತ್ತವೆ. ಪಿಪಿಪಿಒಇ ಬಿಚ್ಚುವ ಮುಂಚೆ ಹಾಕಿದರೆ ಪ್ಯಾಕೆಟ್‌ಗಳು ಇನ್ನೂ ಸುತ್ತಿಕೊಂಡೇ ಇರುತ್ತವೆ. ಎರಡರ ನಡುವೆ ಹಾಕಬೇಕು. ನಮ್ಮಲ್ಲಿ ಒಂದೇ ರೌಟರ್ ಎರಡೂ ಕೆಲಸ ಮಾಡುತ್ತಿತ್ತು. ಹೊಸದನ್ನು ಬಿಎನ್‌ಜಿ (ಗಿರಾಕಿಗಳ ಲಾಗಿನ್ ಬಂದು ಸೇರುವ ರೌಟರ್) ಮಾಡಿ, ಮಾರಲು ಇಟ್ಟಿದ್ದ ಹಳೆಯದನ್ನು ನ್ಯಾಟ್‌ಗೆ ಹಾಕಿದೆವು. ನಡುವಿನ ಫೈಬರಿನಲ್ಲಿ ಸ್ಪ್ಲಿಟರ್. ತಮ್ಮ ಇನ್ನೊಂದು ಸೂಕ್ಷ್ಮ ಹಿಡಿದ. ನಮ್ಮ ಒಬ್ಬ ಗಿರಾಕಿಯಿಂದ ಇನ್ನೊಬ್ಬ ಗಿರಾಕಿಗೆ ನೇರ ಹೋಗುವ ಟ್ರಾಫಿಕ್ ಬಿಎನ್‌ಜಿಯಲ್ಲೇ ತಿರುಗಿಬಿಡುತ್ತದೆ, ಸ್ಪ್ಲಿಟರ್ ತನಕ ಬರುವುದೇ ಇಲ್ಲ. ಅದಕ್ಕೆ ಎಲ್ಲವನ್ನೂ ಒಮ್ಮೆ ನ್ಯಾಟ್ ರೌಟರಿಗೆ ತಳ್ಳಿ ವಾಪಸ್ ತರುವ ರೂಲ್ ಬರೆದ.

ಅದಕ್ಕಿಂತ ಮೊದಲು ಮಾಡಿದ ಒಂದು ಕೆಲಸ ದುಡ್ಡು ಉಳಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು. ನಮಗೆ ಬನಹಟ್ಟಿಯಲ್ಲಿ ಒಂದು ಗೇಟ್‌ವೇ, ಜಮಖಂಡಿಯಲ್ಲಿ ಇನ್ನೊಂದು ಇತ್ತು. ಎರಡೂ ಕಡೆ ಬ್ಯಾಂಡ್‌ವಿಡ್ತ್ ಇಳಿಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಎರಡು ಪೆಟ್ಟಿಗೆ, ಎರಡು ಕೋಣೆ, ಎರಡು ಎಎಂಸಿ. ಜಮಖಂಡಿಯ ಟ್ರಾಫಿಕ್ಕನ್ನೂ ಬನಹಟ್ಟಿಗೆ ತಂದು ಒಂದೇ ಬಾಗಿಲಿನಿಂದ ಹೊರಗೆ ಬಿಟ್ಟೆವು. ಮಾರಾಟಗಾರರಿಗೆ ಆಗ ಹೇಳಿದೆವು: ಒಂದೇ ಜಾಗ, ಇಷ್ಟೇ ಬ್ಯಾಂಡ್‌ವಿಡ್ತ್, ಆದೇಶದಲ್ಲಿದ್ದವರ ನಕಲು ಮಾತ್ರ, ಆ್ಯಪ್ ವಿಂಗಡಣೆ ಬೇಡ, ಸಂಗ್ರಹ ಬೇಡ. ಎರಡನೆಯ ಕೊಟೇಶನ್ ಮೊದಲಿನದರ ಹತ್ತಿರಕ್ಕೂ ಬರಲಿಲ್ಲ. ಕಂತಿಗೂ ಒಪ್ಪಿಕೊಂಡರು. ಕೊಳ್ಳುವ ಮುಂಚೆ ನಮ್ಮ ನಕ್ಷೆಯನ್ನು ಬೆಂಗಳೂರಿನಲ್ಲಿರುವ ದೂರಸಂಪರ್ಕ ಇಲಾಖೆಯ ಕರ್ನಾಟಕ ಎಲ್‌ಎಸ್‌ಎ (ನಮ್ಮ ಸರ್ಕಲ್ ನೋಡಿಕೊಳ್ಳುವ) ಕಚೇರಿಗೆ ಲಿಖಿತವಾಗಿ ಕಳಿಸಿ, ಹೀಗೆ ಮಾಡುತ್ತಿದ್ದೇವೆ ಅಂತ ತಿಳಿಸಿದ್ದೆವು. ಪ್ರತಿಯೊಂದನ್ನೂ ಬರವಣಿಗೆಯಲ್ಲಿ ಇಡಿ. ಬರೀ ಫೋನಿನಲ್ಲಿ ಕೇಳಿಕೊಂಡು ಲಕ್ಷಗಟ್ಟಲೆ ಸುರಿಯಬೇಡಿ.

ಷರತ್ತಿನಲ್ಲಿ 10 ಅಡಿ ಉದ್ದ 10 ಅಡಿ ಅಗಲದ ಕೋಣೆಯ ಮಾತಿದೆ. ಭದ್ರವಾದದ್ದು, ಎಸಿ ಇರುವುದು, ಕರೆಂಟ್ ನಿಲ್ಲದಿರುವುದು, ಅಧಿಕಾರ ಇರುವವರು ಮಾತ್ರ ಒಳಗೆ ಹೋಗುವಂಥದ್ದು. ಅಪ್ಪನ ಹಳೆಯ ಡಿಶ್ ರಿಸೀವರ್‌ಗಳು ಇದ್ದ ಹಿಂದಿನ ಕೋಣೆ ಖಾಲಿ ಮಾಡಿದೆವು. ಪಕ್ಕದಲ್ಲೇ ಪವರ್‌ಲೂಮ್ ಶೆಡ್ ಇರುವುದರಿಂದ ಹತ್ತಿಯ ಧೂಳು ಜಾಸ್ತಿ. ಕಿಟಕಿ ಮುಚ್ಚಿ ಗೋಡೆ ಕಟ್ಟಿಸಿ, ಬಾಗಿಲಿಗೆ ಎರಡು ಬೀಗ ಹಾಕಿಸಿದೆವು. ಕೀಲಿ ಒಬ್ಬರ ಹತ್ತಿರ ಎರಡೂ ಇರುವುದಿಲ್ಲ.

ಈ ಬೀಗದ ಬಗ್ಗೆ ಕೆಲವರು ಇಷ್ಟೆಲ್ಲ ಯಾಕೆ ಅಂತಾರೆ. ಗ್ರೀಸ್ ದೇಶದಲ್ಲಿ 2004-05ರಲ್ಲಿ ಆದದ್ದನ್ನು ಓದಬೇಕು. ಅಲ್ಲಿ ಒಂದು ದೊಡ್ಡ ಮೊಬೈಲ್ ಕಂಪನಿಯ ಎಕ್ಸ್‌ಚೇಂಜಿನಲ್ಲಿ ಕಾನೂನಿನ ಕದ್ದಾಲಿಕೆಗೆ ಅಂತ ಇದ್ದ ಸಾಫ್ಟ್‌ವೇರನ್ನೇ ಬಳಸಿ ಯಾರೋ ಪ್ರಧಾನಿ ಸೇರಿ ನೂರಕ್ಕೂ ಹೆಚ್ಚು ಜನರ ಫೋನ್ ಕೇಳಿದರು. 2024ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಟೆಲಿಕಾಂ ಕಂಪನಿಗಳಿಗೆ ನುಗ್ಗಿದವರು, ಸಾಲ್ಟ್ ಟೈಫೂನ್ ಅಂತ ಕರೆಯುವ ಗುಂಪು, ಇಂಥದ್ದೇ ವ್ಯವಸ್ಥೆಗಳಿಗೂ ಕೈಹಾಕಿತು. ಪೊಲೀಸರಿಗೆ ಅಂತ ಮಾಡಿದ ಬಾಗಿಲಿಗೆ ಕಳ್ಳನೂ ಬರುತ್ತಾನೆ. ಅದಕ್ಕೆ ನಮ್ಮ ಪೆಟ್ಟಿಗೆಗೆ ಇಂಟರ್ನೆಟ್‌ನಿಂದ ಯಾವ ಲಾಗಿನ್ನೂ ಇಲ್ಲ. ಮಾರಾಟಗಾರರು ದೂರದಿಂದ ಸರ್ವಿಸ್ ಮಾಡಲು ದಾರಿ ಬಿಡಿ ಅಂದರು. ಬಿಡಲಿಲ್ಲ. ಕೆಲಸ ಇದ್ದರೆ ಮನುಷ್ಯ ಬನಹಟ್ಟಿಗೆ ಬರಲಿ ಅಂದೆವು. ಬರುತ್ತಾರೆ. ಪೆಟ್ಟಿಗೆಯಲ್ಲಿ ಯಾರು ಯಾವಾಗ ಏನು ಒತ್ತಿದರು ಅನ್ನುವ ದಾಖಲೆ ಬೇರೆ ಯಂತ್ರಕ್ಕೆ ಹೋಗುತ್ತದೆ.

ಪರೀಕ್ಷೆಯ ದಿನ ಅಧಿಕಾರಿಗಳು ಬಂದರು. ನಮ್ಮ ಆಫೀಸಿನ ಕನೆಕ್ಷನ್ನೇ ಗುರಿ. ವಿಡಿಯೊ ಹಾಕಿದರು, ಸೈಟ್ ತೆರೆದರು, ಮಧ್ಯದಲ್ಲಿ ಒಎನ್‌ಯು ಆಫ್ ಮಾಡಿ ಆನ್ ಮಾಡಿದರು. ಹೊಸ ಐಪಿ ಬಂದರೂ ನಕಲು ನಿಲ್ಲಲಿಲ್ಲ, ಯಾಕಂದರೆ ಪೆಟ್ಟಿಗೆ ಐಪಿ ನೋಡುವುದಿಲ್ಲ, ರೇಡಿಯಸ್‌ನಿಂದ ಬರುವ ಯೂಸರ್‌ನೇಮ್ ನೋಡುತ್ತದೆ. ಆಮೇಲೆ ಹೊರಗಿನ ಕಂಪ್ಯೂಟರ್ ಮುಂದೆ ಕೂತಿದ್ದ ನಮ್ಮ ಹುಡುಗನನ್ನು ಕೇಳಿದರು: ಈಗ ಯಾರದಾದರೂ ನಕಲು ಹೋಗ್ತಿದೆಯಾ, ನೋಡಿ ಹೇಳು. ಅವನು ರೌಟರಿನಲ್ಲಿ ಗೊತ್ತಿದ್ದದ್ದನ್ನೆಲ್ಲ ತೆಗೆದು ನೋಡಿದ. "ಏನೂ ಕಾಣವಲ್ದ್ರಿ ಸರ" ಅಂದ. ಹೆಚ್‌ಟಿಟಿಪಿಎಸ್, ಅಂದರೆ ಗುಪ್ತಲಿಪಿ ಮಾಡಿದ ಸಂಪರ್ಕದ, ಒಳಗಿನದ್ದನ್ನು ಬಿಚ್ಚಿಕೊಡಿ ಅಂತ ಯಾರೂ ಕೇಳಲಿಲ್ಲ. ಅದರ ಕೀಲಿ ನಮ್ಮ ಹತ್ತಿರ ಇರುವುದೇ ಇಲ್ಲ. ಕೊನೆಗೆ ಗಿರಾಕಿಗಳ ಪಟ್ಟಿಯಿಂದ ಕೆಲವು ಹೆಸರು ಆರಿಸಿ ಸಿಎಎಫ್ ಫಾರ್ಮ್ ತೋರಿಸಿ ಅಂದರು. ಮನೆ ಮನೆ ತಿರುಗಿದ್ದು ಅಲ್ಲಿ ಸಾರ್ಥಕವಾಯಿತು.

ಯಂತ್ರದಷ್ಟೇ ಗಟ್ಟಿ ಇರಬೇಕಾದ್ದು ಕಾಗದ. ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ಆರೋಪ ಬಂದು 1988ರಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ನಮ್ಮ ಅಪ್ಪನ ತಲೆಮಾರಿಗೆ ಚೆನ್ನಾಗಿ ನೆನಪಿದೆ. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಟ್ಟುನಿಟ್ಟು ಹಾಕಿತು. ಅದೇ ಮುಂದೆ ಟೆಲಿಗ್ರಾಫ್ ನಿಯಮ 419ಎ ಆಯಿತು. ಅದು ಹೇಳಿದ್ದು ಇಷ್ಟು. ಆದೇಶ ಕೊಡಬೇಕಾದವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಒಂದು ಆದೇಶ 60 ದಿನ, ಮುಂದುವರಿಸಿದರೂ ಒಟ್ಟು 180 ದಿನ ದಾಟುವ ಹಾಗಿಲ್ಲ. ತುರ್ತಿದ್ದರೆ ಕೆಳಗಿನ ಹಿರಿಯ ಅಧಿಕಾರಿ ಕೊಡಬಹುದು, ಆದರೆ ಏಳು ಕೆಲಸದ ದಿನಗಳೊಳಗೆ ಮೇಲಿನವರು ಒಪ್ಪಬೇಕು. ಕಂಪನಿಯಲ್ಲಿ ಈ ಆದೇಶಗಳನ್ನು ನೋಡಿಕೊಳ್ಳಲು ಇಬ್ಬರು ನೋಡಲ್ ಅಧಿಕಾರಿಗಳಿರಬೇಕು. ಆದೇಶ ತಲುಪಿದ ಎರಡು ತಾಸಿನಲ್ಲಿ ಸ್ವೀಕೃತಿ ಕೊಡಬೇಕು. ಬಂದ ಆದೇಶಗಳ ಪಟ್ಟಿಯನ್ನು 15 ದಿನಕ್ಕೊಮ್ಮೆ ತನಿಖಾ ಸಂಸ್ಥೆಗೆ ಕಳಿಸಿ ಅವು ಅಸಲಿಯೇ ಅಂತ ಖಾತ್ರಿ ಮಾಡಿಕೊಳ್ಳಬೇಕು. ನನಗೆ ಎಲ್ಲಕ್ಕಿಂತ ಇಷ್ಟವಾದ ನಿಯಮ ಇದು. ಖೊಟ್ಟಿ ಆದೇಶ ತಂದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಈಗ 419ಎ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆಯ 20(2)ನೇ ಕಲಂ ಮತ್ತು 2024ರ ಡಿಸೆಂಬರ್ 6ರ ಹೊಸ ನಿಯಮಗಳು ಬಂದಿವೆ. ಅವನ್ನು ಅಚ್ಚು ಹಾಕಿಸಿ ಫೈಲಿನ ಮೇಲೇ ಇಟ್ಟಿದ್ದೇವೆ. ಐಪಿ ಹಿಂದಿನ ಹೆಸರು ಕೇಳುವ ಪೊಲೀಸ್ ಪತ್ರ ಬೇರೆ ದಾರಿಯದು. ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸಿಆರ್‌ಪಿಸಿ 91 ಅಂತ ಬರುತ್ತಿತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಕಾಯ್ದೆಯ ಬಿಎನ್‌ಎಸ್‌ಎಸ್ 94 ಅಂತ ಬರುತ್ತದೆ. ಆ ಪತ್ರ ತೋರಿಸಿ ಟ್ರಾಫಿಕ್ ನಕಲು ಕೇಳಿದರೆ ಕೊಡಲು ಬರುವುದಿಲ್ಲ.

ನಮ್ಮಲ್ಲಿ ನೋಡಲ್ ಅಧಿಕಾರಿಗಳು ನಾನು ಮತ್ತು ತಮ್ಮ. ಇಂಥ ಆದೇಶ ನಮಗೆ ಬಂದಿದೆಯೋ ಇಲ್ಲವೋ ಅಂತ ನಾನು ಇಲ್ಲಿ ಹೇಳುವ ಹಾಗಿಲ್ಲ. ಮನೆಯಲ್ಲೂ ಹೇಳಿಲ್ಲ. ಆದರೆ ಆದೇಶವಿಲ್ಲದೆ ಕೇಳಿದವರ ಬಗ್ಗೆ ಹೇಳಬಹುದು. ರಾತ್ರಿ ಫೋನ್ ಮಾಡಿ ದೊಡ್ಡ ದನಿಯಲ್ಲಿ ತಾವು ಇಂಥ ಕಚೇರಿಯವರು ಅನ್ನುವವರು ಇದ್ದಾರೆ. ಊರಿನ ಹಿರಿಯರೊಬ್ಬರು ಚಹಾ ಕುಡಿಯುತ್ತ, "ನಮ್ಮ ಅಳ್ಯಾ ರಾತ್ರೆಲ್ಲಾ ಮೊಬೈಲ್‌ನ್ಯಾಗ ಏನ್ ನೋಡ್ತಾನ, ಸ್ವಲ್ಪ ತಗದ್ ಹೇಳೋ ತಮ್ಮಾ" ಅಂದರು. "ಕಾಕಾ, ನಿಮ್ದ ಯಾರರ ಬಂದ್ ಕೇಳಿದ್ರ ಕೊಡ್ಲ್ಯಾ?" ಅಂದೆ. ಸುಮ್ಮನಾದರು, ಚಹಾ ಮುಗಿಸಿ ಹೋದರು. ಅನಧಿಕೃತವಾಗಿ ಕದ್ದಾಲಿಸಿದರೆ ಹೊಸ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, ಎರಡು ಕೋಟಿಯವರೆಗೆ ದಂಡ. ಈ ಸಾಲನ್ನು ಆಫೀಸಿನ ಗೋಡೆಗೆ ದೊಡ್ಡದಾಗಿ ಹಾಕಿದ್ದೇವೆ. ಹುಡುಗರಿಗೆ ಇಲ್ಲ ಅನ್ನಲು ಧೈರ್ಯ ಬರುತ್ತದೆ, ಕೇಳಲು ಬಂದವರು ಓದಿಕೊಂಡು ಬೇರೆ ಮಾತು ಆಡುತ್ತಾರೆ.

ಸದ್ಯ ನಡೆದಿರುವ ಕೆಲಸ ಐಪಿವಿ6, ವಿಳಾಸಗಳಿಗೆ ಬರವಿಲ್ಲದ ಹೊಸ ಪದ್ಧತಿ. ಪ್ರತಿ ಮನೆಗೂ ಅದರದ್ದೇ ವಿಳಾಸದ ಬ್ಲಾಕ್ ಕೊಟ್ಟರೆ ಆ ಟ್ರಾಫಿಕ್ಕಿಗೆ ನ್ಯಾಟ್ ಬೇಡ, ಪೋರ್ಟಿನ ರಗಳೆಯೂ ಇಲ್ಲ. ನಮ್ಮ ನ್ಯಾಟ್ ಲಾಗ್ ಆಗಲೇ ಇಳಿಯತೊಡಗಿದೆ. ಹಳೆಯ ಒಎನ್‌ಯು ಡಬ್ಬಿಗಳು ಐಪಿವಿ6 ಸರಿಯಾಗಿ ಮಾಡುವುದಿಲ್ಲ, ಓಣಿ ಓಣಿಯಾಗಿ ಬದಲಾಯಿಸುತ್ತಿದ್ದೇವೆ. ಮುಧೋಳ, ಜಮಖಂಡಿಯ ಗೆಳೆಯರಿಗೆ ಒಂದು ಮಾತು: ಕೊಟೇಶನ್ ತರಿಸುವ ಮುಂಚೆ ನಿಮ್ಮ ನೆಟ್‌ವರ್ಕಿನ ನಕ್ಷೆ ತಗೊಂಡು ಬನಹಟ್ಟಿಗೆ ಬನ್ನಿ. ಲಾಗ್ ಸರ್ವರಿನ ಸೆಟ್ಟಿಂಗ್, ಪೊಲೀಸ್ ಪತ್ರಕ್ಕೆ ಉತ್ತರ ಬರೆಯುವ ಫಾರ್ಮ್ಯಾಟ್, ಎಲ್‌ಎಸ್‌ಎಗೆ ಬರೆದ ಪತ್ರದ ನಮೂನೆ ಕೊಡುತ್ತೇನೆ. ಹಿಂದಿನ ಕೋಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೋರಿಸುತ್ತೇನೆ.